ಪುಟ್ಟತಾಯಿಯ ದಣಿವು

ನಮ್ಮೂರಲ್ಲಿ ಹೆಣ್ಣಿನ ಕಡೆಯವರು ಗಂಡಿನ ಮನೆಗೆ ಹೋದಾಗ ಮೊದಲು ಕೇಳುವುದು, ಹುಡುಗ ಸೋಮಾರಿ ತಾನೇ ಎಂದು. ಹುಡುಗನ ತಾಯಿ ಸೆರಗು ಸರಿಮಾಡಿಕೊಂಡು, "ಅದ್ರಲ್ಲಿ ಮೋಸ ಇಲ್ಲ ಬುಡಿ, ಬಿದ್ದ ಕಡ್ಡಿ ಎತ್ತಲ್ಲ ನಮ್ಮ ಹೈದ," ಎನ್ನುತ್ತಾಳೆ. ಆಮೇಲೆ ಉಪ್ಪಿಟ್ಟು ಬರುತ್ತದೆ. ಹುಡುಗ ಕಷ್ಟಜೀವಿ ಎಂದು ಯಾರಾದರೂ ಬಾಯಿಬಿಟ್ಟರೆ ಉಪ್ಪಿಟ್ಟು ಬರುವ ಮೊದಲೇ ಅವರು ಎದ್ದು ಚಪ್ಪಲಿ ಹುಡುಕುತ್ತಾರೆ. ಯಾಕೆಂದರೆ ಇಲ್ಲಿ ತಾಳಿ ಕಟ್ಟಿದ ಮೇಲೆ ಗಂಡ ಮಾಡಿದ ಕೆಲಸದ ದಣಿವು ಹೆಂಡತಿಯ ಮೈಗೆ ಹೋಗುತ್ತದೆ, ಹೆಂಡತಿ ಮಾಡಿದ್ದು ಗಂಡನ ಮೈಗೆ. ಅವನು ಕಲ್ಲು ಹೊತ್ತರೆ ಇವಳ ಸೊಂಟ ಹಿಡಿಯುತ್ತದೆ. ಇವಳು ರಾಗಿ ಬೀಸಿದರೆ ಅವನ ರಟ್ಟೆ ಬಿದ್ದುಹೋಗುತ್ತದೆ. ಬೇರೆ ಊರಲ್ಲಿ ಹೇಗೋ ನನಗೆ ಗೊತ್ತಿಲ್ಲ, ನಾನು ಹೋಗಿ ನೋಡಿದವಳಲ್ಲ.

ನನ್ನ ಹೆಸರು ದೇವೀರಮ್ಮ. ಕಂಚುಗಾರರ ಬೀದಿ ಮೊಣಕೈಯ ಹಾಗೆ ತಿರುಗುವ ಕಡೆ ನನ್ನದೊಂದು ಕಾಫಿ ಬೋಂಡದ ಅಂಗಡಿ. ಅಂಗಡಿಯ ಒಂದು ಮಗ್ಗುಲಿಗೆ ತಾಮ್ರ ಬಡಿಯುವ ಕುಲುಮೆಗಳು, ಇನ್ನೊಂದು ಮಗ್ಗುಲಿಗೆ ಅವರ ಮನೆಗಳು. ನಾನು ಮದುವೆಯಾಗಲಿಲ್ಲ. ಆಗಬಾರದು ಎಂದೇನೂ ಇರಲಿಲ್ಲ, ಆಗಲಿಲ್ಲ ಅಷ್ಟೆ. ಹಾಗಾಗಿ ನನ್ನ ಕೆಲಸದ ದಣಿವು ನನಗೇ. ಇದು ಬೀದಿಯವರಿಗೆಲ್ಲ ಒಂದು ಸೋಜಿಗ. "ದೇವೀರಕ್ಕ, ಬೋಂಡ ಕರ್ದೋಳೂ ನೀನೇ, ಕೈ ನೋಯೋದೂ ನಿಂಗೇನಾ? ಅದೆಂಗ್ ತಡ್ಕತೀಯ?" ಎಂದು ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳು ಕೇಳುತ್ತಾರೆ. ತಡೆದುಕೊಳ್ಳುತ್ತೇನೆ ಎನ್ನುತ್ತೇನೆ. ಇನ್ನೇನು ಹೇಳುವುದು.

ಬೆಳಿಗ್ಗೆ ಒಲೆ ಹಚ್ಚುವ ಹೊತ್ತಿಗೆ ಬೀದಿಯ ಜಗಲಿಗಳ ಮೇಲೆಲ್ಲ ಗಂಡ ಹೆಂಡತಿ ಎದುರುಬದುರು ಕೂತಿರುತ್ತಾರೆ. ಅದಕ್ಕೆ ಹೊತ್ತಿನ ಮಾತು ಎಂದು ಹೆಸರು. ಯಾರು ಯಾವ ಕೆಲಸ ಎಷ್ಟು ಮಾಡುವುದು ಎಂದು ಇಬ್ಬರೂ ಒಪ್ಪಿ, ಒಂದೊಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡ ಮೇಲೆಯೇ ಏಳಬೇಕು. ಅಡುಗೆ, ಓಡಾಟ, ಮಾತುಕತೆ ಇವು ಲೆಕ್ಕಕ್ಕಿಲ್ಲ. ಮೈ ಬಗ್ಗಿಸುವ ಕೆಲಸಕ್ಕೆ ಮಾತು ಬೇಕೇ ಬೇಕು. ನನಗೆ ಕಿವಿ ಚುರುಕು, ಅವರಿಗೆ ಗಂಟಲು ದೊಡ್ಡದು, ಹಾಗಾಗಿ ಎಲ್ಲವೂ ಕೇಳಿಸುತ್ತದೆ.

"ಇವತ್ತು ಎರಡು ಬಿಂದಿಗೆ ಬಡೀತೀನಿ ಕಣೆ," ಎನ್ನುತ್ತಾನೆ ಕೆಂಪಾಚಾರಿ.

"ಎರಡಾ? ನಮ್ಮ ತಂಗಿ ಬರ್ತಾವ್ಳೆ, ಅವಳ ಮುಂದೆ ಕುಂಟ್ಕಂಡು ಓಡಾಡ್ಲಾ ನಾನು? ಒಂದ್ ಬಡಿ ಸಾಕು," ಎನ್ನುತ್ತಾಳೆ ಅವನ ಹೆಂಡತಿ ಮುನಿಯಮ್ಮ.

"ಒಂದೂವರೆ?"

"ಅರ್ಧ ಬಿಂದಿಗೆ ಯಾರು ತಗತಾರೆ, ನಿನ್ನ ತಲೆ!"

ಹೀಗೆ ಒಪ್ಪಿಕೊಂಡ ಮೇಲೂ ಕೆಲವು ದಿನ ಮೈ ತಡೆಯುವುದಿಲ್ಲ. ಆಗ ಮನೆಯಲ್ಲಿದ್ದವಳು ನನ್ನ ಅಂಗಡಿಗೆ ಬಂದು ಹೇಳುತ್ತಾಳೆ, ನಾನು ಸೌಟು ಇಟ್ಟು ಕುಲುಮೆಯ ಬಾಗಿಲಿಗೆ ಹೋಗಿ "ಸಾಕಂತೆ" ಎನ್ನುತ್ತೇನೆ. ಆ ಒಂದು ಮಾತು ಕೇಳಿದರೆ ಎತ್ತಿದ ಸುತ್ತಿಗೆಯನ್ನೂ ಹಾಗೇ ಇಳಿಸಬೇಕು. ಇಳಿಸದವನು ಒಬ್ಬನೂ ಇಲ್ಲ, ಮನೆಯಲ್ಲಿ ಜಗಳ ಇದ್ದರೆ ಮಾತ್ರ ಬೇರೆ. ಜಗಳವಾದರೆ ನಮ್ಮಲ್ಲಿ ಹೊಡೆಯುವುದಿಲ್ಲ, ದುಡಿಯುತ್ತಾರೆ. ಮುನಿಯಮ್ಮ ಮುನಿಸಿಕೊಂಡರೆ ಮನೆಯ ಕಂಬಳಿಗಳನ್ನೆಲ್ಲ ಕೆರೆಗೆ ಹೊತ್ತುಕೊಂಡು ಹೋಗಿ ಒಗೆಯುತ್ತಾಳೆ. ಇಲ್ಲಿ ಕೆಂಪಾಚಾರಿ ತಿದಿಯ ಪಕ್ಕದಲ್ಲೇ ಕುಸಿದು ಕೂರುತ್ತಾನೆ. ಮಾರನೆಯ ದಿನ ಅವನು ಬೇಕೆಂದೇ ಹುಣಿಸೆ ಕೊರಡು ಸೀಳುತ್ತಾನೆ. ಅವಳಿಗೆ ಮುದ್ದೆ ತಿರುವಲು ಕೈ ಬರುವುದಿಲ್ಲ, ಇಬ್ಬರೂ ಉಪವಾಸ. ಯಾರಾದರೂ ಯಾತಕ್ಕೂ ಬೇಡದ ಕೆಲಸವನ್ನು ಮೈಮುರಿದು ಮಾಡುತ್ತಿದ್ದಾರೆ ಎಂದರೆ ಆ ಮನೆಯಲ್ಲಿ ಬೆಂಕಿ ಬಿದ್ದಿದೆ ಎಂದೇ ಅರ್ಥ. ಬೇರೆ ಅರ್ಥ ಇರಬಹುದು ಎಂದು ಆ ವರ್ಷದ ತನಕ ಯಾರಿಗೂ ಹೊಳೆದಿರಲಿಲ್ಲ, ನನಗೂ.

ಪುಟ್ಟತಾಯಿ ನಮ್ಮ ಬೀದಿಯಲ್ಲಿ ಸುತ್ತಿಗೆ ಹಿಡಿದ ಒಬ್ಬಳೇ ಹೆಣ್ಣು. ಅವಳಪ್ಪನಿಗೆ ಗಂಡುಮಕ್ಕಳಿರಲಿಲ್ಲ, ಇವಳಿಗೇ ಕಲಿಸಿದ. ಅವನು ಹೋದ ಮೇಲೆ ಕುಲುಮೆ ಇವಳದಾಯಿತು. ಅವಳ ಗಂಡ ಶಿವನಂಜ ನನ್ನ ಪಕ್ಕದಲ್ಲೇ ವೀಳ್ಯದೆಲೆ ಅಂಗಡಿ ಇಟ್ಟುಕೊಂಡಿದ್ದ. ಎಲೆಗೆ ನೀರು ಚಿಮುಕಿಸುವುದು, ಕಟ್ಟು ಕಟ್ಟುವುದು, ತೋಟದಿಂದ ಒಂದು ಬುಟ್ಟಿ ತರುವುದು, ಅವನ ಕೆಲಸ ಇಷ್ಟೆ. ಅದರ ದಣಿವು ಅವಳಿಗೆ ಒಂದು ಒಳ್ಳೆಯ ನಿದ್ದೆಗೆ ಸಾಕಾಗುವಷ್ಟು. ಅವಳ ಸುತ್ತಿಗೆಯ ಭಾರವೆಲ್ಲ ಬೀಳುತ್ತಿದ್ದದ್ದು ಈ ಎಲೆ ಮಾರುವವನ ಮೇಲೆ. ಅವನಿಗೆ ಅದೊಂದು ಜಂಬ. ನನ್ನ ಕಡೆ ತಿರುಗಿ, "ಅಕ್ಕ, ಇವತ್ತು ಅಂಚು ಮಡೀತಾವ್ಳೆ, ನೋಡು ಹೆಬ್ಬೆಟ್ಟಿನ ಬುಡ ಹಿಡ್ಕತು," ಎನ್ನುವನು. ಇನ್ನೊಂದು ದಿನ ಬೆನ್ನು ನೀವಿಕೊಳ್ಳುತ್ತ, "ಕೊಪ್ಪರಿಗೆ ಶುರು ಮಾಡುದ್ಲು ಕಣಕ್ಕ," ಎನ್ನುವನು. ಹೋಗಿ ನೋಡಿದರೆ ಕೊಪ್ಪರಿಗೆಯೇ ಆಗಿರುತ್ತಿತ್ತು. ಅವರ ಜಗಲಿಯ ಹೊತ್ತಿನ ಮಾತು ಬೀದಿಯಲ್ಲೇ ಚಿಕ್ಕದು. "ಎಷ್ಟು ಬಡೀಲಿ?" ಎಂದು ಅವಳು. "ನಿನ್ನ ಮನಸ್ಸಿಗೆ ಬಂದಷ್ಟು," ಎಂದು ಅವನು. ಬೆಲ್ಲ ತಿಂದು ಎದ್ದುಬಿಡುವರು. ಅವಳಿಗೆ ಕರುಣೆ ಇಲ್ಲ ಎಂದು ಕೆಲವರು, ಅವನಿಗೆ ಬುದ್ಧಿ ಇಲ್ಲ ಎಂದು ಕೆಲವರು. ನನ್ನನ್ನು ಕೇಳಿದರೆ ಆ ಇಬ್ಬರ ಹಾಗೆ ಹಾಯಾಗಿದ್ದವರು ಬೀದಿಯಲ್ಲಿ ಇರಲಿಲ್ಲ.

ಒಂದು ಯುಗಾದಿಯ ಬೆನ್ನಿಗೇ ಶಿವನಂಜನಿಗೆ ಜ್ವರ ಬಂತು. ಬಂದ ಜ್ವರ ತಿಂಗಳು ಕಾಡಿ, ಅವನನ್ನು ಒಣಗಿದ ಬಳ್ಳಿ ಮಾಡಿ ಬಿಟ್ಟುಹೋಯಿತು. ಎದ್ದು ಅಂಗಡಿಗೆ ಬಂದು ಕೂತ ದಿನ ಪುಟ್ಟತಾಯಿಯೂ ಕುಲುಮೆ ಹಚ್ಚಿದಳು. ಆ ಕಡೆ ನಾಕು ಏಟು ಕೇಳಿಸಿತು, ಈ ಕಡೆ ಶಿವನಂಜ ಎಲೆಯ ರಾಶಿಯ ಮೇಲೆ ಮುಖ ಅಡಿಯಾಗಿ ಬಿದ್ದ. ತುಟಿ ಕಪ್ಪಗಾಗಿತ್ತು. ಪಂಡಿತರು ಬಂದು ಎದೆಗೆ ಕಿವಿಯಿಟ್ಟು ಕೇಳಿ, "ನೋಡವ್ವಾ, ಈ ಮೈಗೆ ಇನ್ಮೇಲೆ ದಣಿವು ಸೇರ್ಕೂಡ್ದು. ಸೇರುದ್ರೆ ಆಳು ಉಳಿಯಲ್ಲ," ಎಂದರು.

ಪುಟ್ಟತಾಯಿ ಅವತ್ತೇ ಸುತ್ತಿಗೆಗೆ ಎಣ್ಣೆ ಸವರಿ, ಬಟ್ಟೆ ಸುತ್ತಿ, ಅಟ್ಟಕ್ಕೆ ಏರಿಸಿದಳು. ನೀರು ಹೊರುವುದನ್ನೂ ಬಿಟ್ಟಳು. ಬೀದಿಯ ಹೆಂಗಸರು ಸರದಿಯ ಮೇಲೆ ತಂದುಕೊಟ್ಟರು. ಶಿವನಂಜನನ್ನಂತೂ ಯಾರೂ ಏಳಲು ಬಿಡಲಿಲ್ಲ. ಅವನು ಜಗಲಿಯಿಂದ ಕಾಲು ಕೆಳಗಿಟ್ಟರೆ ಹೋಗಿಬರುವವರೆಲ್ಲ, "ಮಲ್ಕೋ ಮಾರಾಯ, ಮಲ್ಕೋ," ಎನ್ನುವರು. ಅಂಗಡಿ ಮುಚ್ಚಿತು. ಅವನು ಮಲಗಿದ, ಮಳೆಗಾಲ ಹೋಯಿತು, ಚಳಿಗಾಲ ಹೋಯಿತು, ಅವನು ಮಲಗೇ ಇದ್ದ.

ನಮ್ಮ ಬೀದಿಗೆ ಒಂದು ಕಟ್ಟುಪಾಡಿದೆ. ಒಂದು ಯುಗಾದಿಯಿಂದ ಇನ್ನೊಂದು ಯುಗಾದಿಯೊಳಗೆ ಒಂದಾದರೂ ಪಾತ್ರೆ ಹೊರಬರದ ಕುಲುಮೆ ಬೇರೆ ಮನೆಗೆ ಹೋಗುತ್ತದೆ. ಶಿವರಾತ್ರಿ ಕಳೆದ ಮೇಲೆ ಬೀದಿಯ ಯಜಮಾನ ಬೆಟ್ಟಾಚಾರಿ ಪುಟ್ಟತಾಯಿಯನ್ನು ನನ್ನ ಅಂಗಡಿಯ ಮುಂದೆಯೇ ನಿಲ್ಲಿಸಿ ಮಾತಾಡಿದ. ಒಳ್ಳೆಯವನೇ, ಆದರೆ ಕಟ್ಟುಪಾಡು ಎಂದರೆ ಅವನಿಗೆ ಊಟಕ್ಕಿಂತ ಹೆಚ್ಚು.

"ಪುಟ್ಟತಾಯಿ, ನಾನೇನು ಹಗೆ ಅಲ್ಲ ಕಣವ್ವ. ನಿಮ್ಮಪ್ಪನೂ ನಾನೂ ಒಂದೇ ತಿದಿ ಊದಿದೋರು."

"ಗೊತ್ತು ಮಾವ."

"ಒಂದೇ ಒಂದು ಪಾತ್ರೆ. ಕೊಪ್ಪರಿಗೆ ಬೇಡ, ಬಿಂದಿಗೆ ಬೇಡ. ನೀರು ನಿಲ್ಲೋ ಅಂಥ ಒಂದು ಬೋಗುಣಿ ಮಾಡಿಕ್ಕು, ಕಣ್ಣಿಗೊತ್ಕಂಡು ಹೋಗ್ತೀನಿ."

"ಬೋಗುಣಿಗೂ ಸಾವಿರ ಏಟು ಬೇಕು ಮಾವ. ನಾಕ್ ಏಟಿಗೇ ಬಿದ್ದೋದ ಆಳು. ಕುಲುಮೆ ಹೋದ್ರೆ ಹೋಗ್ಲಿ, ಮನೇಲಿ ಮಾತಾಡೋಕೆ ಜನ ಬೇಕಲ್ಲ," ಎಂದಳು. ಹೇಳಿದ ದನಿ ಗಟ್ಟಿಯಾಗಿತ್ತು. ಬೆಟ್ಟಾಚಾರಿ ಹೋದ ಮೇಲೆ ಮಾತ್ರ ನನ್ನ ಬೆಂಚಿನ ಮೇಲೆ ಕೂತು ಎಷ್ಟೋ ಹೊತ್ತು ಏಳಲಿಲ್ಲ. ಕಣ್ಣಿನ ಸುತ್ತ ಕಾಡಿಗೆ ಚೆಲ್ಲಿದ ಹಾಗೆ ಕಪ್ಪಾಗಿತ್ತು.

"ಏನವ್ವಾ, ಊಟ ಮಾಡ್ತಿಲ್ವಾ?" ಎಂದೆ.

"ಊಟ ಸೇರುತ್ತೆ. ನಿದ್ದೆನೇ ಇಲ್ಲ ಅಕ್ಕ. ನಿದ್ದೆ ಅಂದ್ರೆ ಎಂಗಿರುತ್ತೆ ಅನ್ನೋದೇ ಮರ್ತೋಗದೆ. ಮೈ ಹಗುರ ಆಗಿ, ಹಗುರ ಆಗಿ, ಚಾಪೆ ಮೇಲೆ ನಿಲ್ಲಲ್ಲ. ಕಣ್ಣು ಬಿಟ್ಕಂಡು ಬೆಳಗು ಮಾಡ್ತೀನಿ. ಕೈ ಮಾತ್ರ ಸುತ್ತಿಗೆ ಹಿಡ್ದಂಗೆ ಮಡಚ್ಕಂಡಿರುತ್ತೆ."

ಗಸಗಸೆ ಅರೆದು ಹಾಲಿಗೆ ಹಾಕಿ ಕುಡಿ ಎಂದೆ. ಮುನಿಯಮ್ಮ ಅಂಗಾಲಿಗೆ ಹರಳೆಣ್ಣೆ ಹೇಳಿದಳು. ಎರಡೂ ಮಾಡಿ ನೋಡಿದಳು, ಏನೂ ಆಗಲಿಲ್ಲ. ನಾವು ಇಷ್ಟೊಂದು ಜನ, ಹುಟ್ಟಿದಾಗಿನಿಂದ ಇದೇ ಊರಿನ ನೀರು ಕುಡಿದವರು, ಒಬ್ಬರಿಗಾದರೂ ತೋಚಬೇಡವೇ? ತೋಚಲಿಲ್ಲ.

ಯುಗಾದಿಗೆ ಎರಡು ವಾರವೂ ಇರಲಿಲ್ಲ. ಒಂದು ಮಧ್ಯಾಹ್ನ ಬೀದಿಯೆಲ್ಲ ಉಂಡು ಮಲಗಿದ ಹೊತ್ತಲ್ಲಿ ಅಂಗಡಿಯ ಹಿಂದಿನ ಬಾವಿಯ ರಾಟೆ ಕಿರ್ರೆಂದು ಕೂಗತೊಡಗಿತು. ಒಂದು ಬಿಂದಿಗೆಗೆ ನಿಲ್ಲುವ ಸದ್ದಲ್ಲ ಅದು, ನಿಲ್ಲಲೇ ಇಲ್ಲ. ಹೋಗಿ ಇಣುಕಿದರೆ ಶಿವನಂಜ. ಪಂಚೆ ಎತ್ತಿ ಕಟ್ಟಿಕೊಂಡು ನೀರು ಸೇದುತ್ತಿದ್ದಾನೆ, ಸೇದಿದ್ದನ್ನು ತಿರುಗಿ ಬಾವಿಗೇ ಸುರಿಯುತ್ತಿದ್ದಾನೆ. ಇಷ್ಟು ದಿನ ಅನ್ಯೋನ್ಯವಾಗಿದ್ದವರಿಗೆ ಏನು ಬಂತಪ್ಪಾ, ಹೆಂಡತಿಯ ಮೇಲೆ ಈ ಪರಿ ಸೇಡು ತೀರಿಸಿಕೊಳ್ಳುವಂಥದ್ದು? ಗಂಡ ಹೆಂಡಿರ ನಡುವೆ ನಾವ್ಯಾಕೆ ಎಂದು ಸುಮ್ಮನೆ ಬಂದು ಒಲೆ ಮುಂದೆ ಕೂತೆ.

ಮಾರನೆಯ ಮಧ್ಯಾಹ್ನವೂ ರಾಟೆ ಕೂಗಿತು. ಈ ಸಲ ಮುನಿಯಮ್ಮನೂ ನೋಡಿಬಿಟ್ಟಳು. ಅವಳ ಬಾಯಲ್ಲಿ ಮಾತು ನಿಲ್ಲುವುದು ಹೇಗೆ? ನೇರವಾಗಿ ಪುಟ್ಟತಾಯಿಯ ಜಗಲಿಗೆ ಓಡಿ, "ಏನೇ ಜಗಳಾನಾ? ನಿನ್ನ ಗಂಡ ಸೇದ್ತಾವ್ನೆ ಸುರೀತಾವ್ನೆ, ಸೇದ್ತಾವ್ನೆ ಸುರೀತಾವ್ನೆ! ಏನ್ ಮಾಡ್ದೇ ಅಂಥದ್ದು?" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೇಳಿದಳು.

ಪುಟ್ಟತಾಯಿ ಗೋಡೆ ಹಿಡಿದುಕೊಂಡು ಬಂದಳು. ತೋಳು ಎರಡೂ ಜೋತುಬಿದ್ದಿದ್ದವು. ಬಾವಿಯ ಹತ್ತಿರ ಬರುವಷ್ಟರಲ್ಲಿ ಪ್ರತಿ ಬಾಗಿಲಲ್ಲೂ ಒಂದೊಂದು ತಲೆ.

"ಏನ್ ತಪ್ಪು ಮಾಡ್ದೆ ನಾನು? ಹೇಳ್ಬುಡು, ಬಾಯಿಲ್ವಾ ನಿಂಗೆ?" ಎಂದಳು. "ಒಂದ್ ವರ್ಸ ಸುತ್ತಿಗೆ ಮುಟ್ಲಿಲ್ಲ, ಒಂದ್ ಬಿಂದಿಗೆ ನೀರು ಹೊರ್ಲಿಲ್ಲ, ನಿನ್ನ ಮೈಗೆ ಎಲ್ಲಿ ಬಿದ್ದಾತೋ ಅಂತ. ನಮ್ಮಪ್ಪನ ಕುಲುಮೆ ತಗಳಿ ಅಂದ್ಬುಟ್ಟೆ. ಇಷ್ಟೆಲ್ಲ ಮಾಡುದ್ರೆ ನೀನು ನನ್ನ ಮೇಲೆ ನೀರು ಸೇದ್ತೀಯಾ?"

ಶಿವನಂಜ ಹಗ್ಗ ಬಿಟ್ಟ. ಬಿಂದಿಗೆ ದಬಕ್ಕನೆ ನೀರಿಗೆ ಬಿತ್ತು. ಅವನಿಗೆ ಒಂದಿಷ್ಟೂ ಏದುಸಿರಿರಲಿಲ್ಲ.

"ನೆನ್ನೆ ನಿದ್ದೆ ಬಂತಾ?" ಎಂದ.

"ಏನು?"

"ನಿದ್ದೆ ಬಂತಾ ಅಂದೆ. ನೆನ್ನೆ ಕೋಳಿ ಕೂಗೋಗಂಟ ಗೊರಕೆ ಹೊಡ್ದೆ ನೀನು. ವರ್ಸದ ಮೇಲೆ ಕೇಳುದ್ನಲ್ಲ ಆ ಗೊರಕೆಯ, ಎಷ್ಟು ಚೆಂದಾಗಿತ್ತು ಅಂತೀಯ. ಅದ್ಕೇ ಇವತ್ತೂ ಬಂದೆ."

ಪುಟ್ಟತಾಯಿ ಇನ್ನೊಂದು ಹೆಜ್ಜೆ ಹತ್ತಿರ ಬಂದಳು. "ನಿನ್ನ ಎದೆ?" ಎಂದಳು.

"ಎದೆಗೇನಾಯ್ತದೆ? ದಣಿವು ಸೇರ್ಕೂಡ್ದು ಅಂದ್ರು ಪಂಡಿತ್ರು. ನಾನು ಮಾಡುದ್ರೆ ನಂಗೆಲ್ಲಿ ಸೇರುತ್ತೆ? ಇಷ್ಟ್ ದಿವ್ಸ ನಾನು ಮಲ್ಗಿದ್ದು ಯಾರಿಗೆ ಆರಾಮ ಹೇಳು? ನಿಂಗೆ! ಮಲ್ಗಿ ಮಲ್ಗಿ ನಿನ್ನ ನಿದ್ದೆ ಕಳ್ದಿದ್ದು ನಾನೇ ಕಣೆ. ಮೊನ್ನೆ ಗೋಡೆ ನೋಡ್ಕಂಡು ಬಿದ್ದಿದ್ದಾಗ ಹೊಳೀತು. ಹೇಳುದ್ರೆ ನೀನು ಬುಡ್ತೀಯಾ? ಅದ್ಕೇ ಹೇಳ್ಲಿಲ್ಲ."

"ಅಯ್ಯಯ್ಯೋ, ಸುಮ್ನೆ ಬೆಂಕಿ ಹಚ್ಬುಟ್ನಲ್ಲಾ," ಎಂದು ಮುನಿಯಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು.

ಪುಟ್ಟತಾಯಿಗೆ ಸಿಟ್ಟು ಇನ್ನೂ ಇಳಿದಿರಲಿಲ್ಲ, ಬಂದ ಸಿಟ್ಟನ್ನು ಎಲ್ಲಿಗಾದರೂ ಹಾಕಬೇಕಲ್ಲ. "ಸೇದಿದ್ನ ತಿರುಗಾ ಬಾವಿಗೆ ಸುರಿಯೋ ಬದ್ಲು ಮನೆ ಹಂಡೆಗಾದ್ರೂ ತಂದು ತುಂಬ್ಕೂಡ್ದಾಗಿತ್ತಾ? ಊರೋರು ನೀರು ಹೊತ್ತಾಕ್ತಾವ್ರೆ!" ಎಂದಳು. ಬಾಗಿಲಲ್ಲಿದ್ದ ತಲೆಗಳೆಲ್ಲ ನಕ್ಕವು. ಅವಳು ಮಾತ್ರ ಬಾವಿಕಟ್ಟೆಯ ಮೇಲೆ ಕೂತು ಅಳುತ್ತಿದ್ದಳು.

ಮರುದಿನ ಬೆಳಿಗ್ಗೆ ಅವರ ಜಗಲಿಯ ಮೇಲೆ ವರ್ಷದ ಮೇಲೆ ಹೊತ್ತಿನ ಮಾತು ನಡೆಯಿತು. ನಾನು ಹಿಟ್ಟು ಕಲಸುತ್ತಿದ್ದವಳು ಕೈ ನಿಲ್ಲಿಸಿದೆ.

"ಸುತ್ತಿಗೆ ಹಿಡೀತೀಯಾ?" ಎಂದಳು ಅವಳು.

"ನಾನಾ? ಎಲೆ ತೊಟ್ಟು ಮುರಿಯೋ ಕೈ ಕಣೆ ಇದು."

"ಕೈ ನಿಂದು, ಮಿಕ್ಕಿದ್ದೆಲ್ಲ ನಂದು."

ಅವನು ಅಂಗೈ ತಿರುಗಿಸಿ ನೋಡಿಕೊಂಡು, "ಎಷ್ಟು ಬಡೀಲಿ?" ಎಂದ.

"ನಿನ್ನ ಮನಸ್ಸಿಗೆ ಬಂದಷ್ಟು," ಎಂದಳು. ಬೆಲ್ಲ ತಿಂದರು.

ಕುಲುಮೆಯೊಳಗೆ ಅವಳು ಕಾಲಿಡಲಿಲ್ಲ. ಕಣ್ಣೆದುರಿಗೆ ಓರೆ ಏಟು ಬಿದ್ದರೆ ಕೈ ಸುಮ್ಮನಿರುವುದಿಲ್ಲ, ಒಂದು ಸಲ ಸುತ್ತಿಗೆ ಕಿತ್ತುಕೊಂಡರೆ ಅವನ ಗತಿ ಮುಗಿಯಿತು ಎಂದು ಅವಳಿಗೆ ಗೊತ್ತಿತ್ತು. ಹಾಗಾಗಿ ಬಂದು ನನ್ನ ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತಳು. ಆ ಕಡೆ ಏಟು ಶುರುವಾಯಿತು. "ಹೆಗಲಿಗೆ ಬರ್ತಾ ಅದೆ," ಎಂದಳು. "ಮೊಣಕೈ ಎತ್ತಿ ಹೊಡೀತಾವ್ನೆ ದಡ್ಡ. ಮಣಿಕಟ್ಟಿಗೆ ಬರ್ಬೇಕು. ಹೋಗಿ ಹೇಳಕ್ಕ." ನಾನು ಹೋಗಿ ಹೇಳಿದೆ. ಬಂದೆ. "ಈಗ ಸೊಂಟಕ್ಕೆ ಬಂತು. ಅಡೆಗಲ್ಲಿಗೆ ದೂರ ಕೂತವ್ನೆ, ಹತ್ರ ಜರುಗಬೇಕಂತೆ ಅನ್ನು." ಮತ್ತೆ ಹೋದೆ. ಅವನೂ ಕಡಿಮೆಯವನಲ್ಲ. "ಅಂಚು ಎತ್ತುವಾಗ ನಂಗೆ ಅಂಗೈ ಮಧ್ಯ ಉರೀತಿತ್ತು. ಅವಳಿಗೆ ಅಲ್ಲಿ ಉರೀತದಾ ಕೇಳ್ಕೊಂಡು ಬಾ ಅಕ್ಕ," ಎನ್ನುವನು. ಇಷ್ಟು ವರ್ಷ ಅವಳ ಕೆಲಸವೆಲ್ಲ ಅವನ ಮೈಯಲ್ಲೇ ಇತ್ತಲ್ಲ, ಯಾವ ಏಟು ಎಲ್ಲಿ ನೋಯಿಸಬೇಕು ಎನ್ನುವುದು ಅವನಿಗೆ ಬಾಯಿಪಾಠ. ಹೊಡೆಯುವುದು ಮಾತ್ರ ಬರದು. ಹೀಗೆ ಅವಳ ಮೈ ಹೇಳಿದ್ದನ್ನು ಅವನ ಕೈಗೆ, ಅವನ ಮೈ ನೆನಪಿಟ್ಟಿದ್ದನ್ನು ಅವಳ ಕಿವಿಗೆ ಹೊತ್ತು ಹೊತ್ತು ನನ್ನ ಕಾಲು ಊದಿಕೊಂಡವು. ಆ ನೋವು ನನ್ನದೇ. ಬೋಂಡವೂ ಸೀದವು.

ಮೊದಲ ತಗಡು ತೂತಾಯಿತು. ಬೆಟ್ಟಾಚಾರಿ ಅದನ್ನು ಬೆಳಕಿಗೆ ಹಿಡಿದು, "ಬೋಗುಣಿ ಅಲ್ಲ ಇದು, ಜರಡಿ," ಎಂದ. ಎರಡನೆಯದು ಕಾಯಿಸಿದ್ದು ಸಾಲದೆ ಸೀಳುಬಿಟ್ಟಿತು. ಮನೆಯಲ್ಲಿದ್ದದ್ದು ಇನ್ನೊಂದೇ ತಗಡು, ಅವಳಪ್ಪ ಬಿಟ್ಟುಹೋಗಿದ್ದು. ಅದನ್ನು ಕೊಡುವಾಗ ಪುಟ್ಟತಾಯಿ ನನ್ನ ಕೈಯಲ್ಲಿ ಒಂದು ಮಾತು ಹೇಳಿ ಕಳಿಸಿದಳು: "ಮೆತ್ತಗೆ ಅನ್ನು. ಹೊಡಿಯೋದಲ್ಲ, ಕೇಳೋದು." ಅವನು ತಗಡನ್ನು ತೊಡೆಯ ಮೇಲಿಟ್ಟುಕೊಂಡು ಒಂದು ಸಲ ಸವರಿದ, ಅಷ್ಟೆ.

ಯುಗಾದಿಯ ಹಿಂದಿನ ದಿನ ಮಧ್ಯಾಹ್ನ ಸುತ್ತಿಗೆ ನಿಂತಿತು. ಬೆಟ್ಟಾಚಾರಿ ಬಂದ, ಹಿಂದೆ ಬೀದಿಯೂ ಬಂತು. ಬೋಗುಣಿಯನ್ನು ನೆಲದ ಮೇಲಿಟ್ಟು ಕೆಂಪಾಚಾರಿ ನೀರು ಸುರಿದ. ಎಲ್ಲರೂ ಬಗ್ಗಿ ನೋಡಿದರು. ಬೋಗುಣಿಯ ಅಡಿ ಒಣಗಿಯೇ ಇತ್ತು.

"ವಾಲುತ್ತೆ," ಎಂದ ಬೆಟ್ಟಾಚಾರಿ.

"ವಾಲಿದ್ರೂ ಸೋರಲ್ಲ ಮಾವ," ಎಂದ ಶಿವನಂಜ.

"ಸೋರಲ್ಲ, ಒಪ್ಪುದೆ. ಆದ್ರೆ ಕುಲುಮೆ ಇರೋದು ಪುಟ್ಟತಾಯಿ ಹೆಸರಲ್ಲಿ. ಬಡ್ದಿರೋನು ನೀನು. ಇದು ಯಾರ ಪಾತ್ರೆ ಅನ್ನಾನ?"

"ದಣಿದೋರ ಪಾತ್ರೆ. ಹೋಗಿ ನೋಡಿ."

ಬೆಟ್ಟಾಚಾರಿ ನನ್ನ ಜೊತೆ ಅಂಗಡಿಗೆ ಬಂದ. ಪುಟ್ಟತಾಯಿ ಬೆಂಚಿನ ಮೇಲೆ ಇರಲಿಲ್ಲ. ಮೂಲೆಯಲ್ಲಿ ಕಡಲೆಹಿಟ್ಟಿನ ಮೂಟೆಗೆ ಒರಗಿ, ಬಾಯಿ ತೆರೆದುಕೊಂಡು, ಹಗಲು ಹೊತ್ತಲ್ಲಿ ಬೀದಿಗೆ ಮುಖಮಾಡಿ ಮಲಗಿದ್ದಳು. ಬಲಗೈ ಸುತ್ತಿಗೆ ಹಿಡಿದ ಹಾಗೆ ಮಡಚಿರಲಿಲ್ಲ, ಬಿಚ್ಚಿಕೊಂಡು ಬಿದ್ದಿತ್ತು. ಅವಳಪ್ಪ ಕೊಪ್ಪರಿಗೆ ಮುಗಿಸಿದ ದಿನ ಹಾಗೇ ಮಲಗುತ್ತಿದ್ದನೋ ಏನೋ, ಬೆಟ್ಟಾಚಾರಿ ತುಂಬ ಹೊತ್ತು ನೋಡಿದ. ಆಮೇಲೆ ಹೆಗಲ ಮೇಲಿನ ಟವೆಲು ತೆಗೆದು ಅವಳ ಮುಖದ ನೊಣ ಓಡಿಸಿ, "ಏಳಿಸ್ಬ್ಯಾಡ. ಕುಲುಮೆ ಎಲ್ಲಿಗೂ ಹೋಗಲ್ಲ," ಎಂದು ಹೊರಟುಹೋದ.

ನಾನು ಆ ಸುದ್ದಿ ಹೇಳಲು ಕುಲುಮೆಗೆ ಹೋದೆ. ಶಿವನಂಜ ಕೆಂಡದ ಎದುರು ಬೋಗುಣಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಕುಲುಮೆ ಉಳಿಯಿತು ಎಂದರೆ ಹೂಂ ಎಂದ. "ಅಕ್ಕ, ಈ ಕಡೆ ಅಂಚು ಇನ್ನೂ ತಗ್ಗು. ಸಾಕಾ ಅಂತ ಒಂದ್ಸಲ ಕೇಳ್ಕೊಂಡು ಬಾ," ಎಂದ. ನಾನು ಊದಿದ ಕಾಲು ಎಳೆದುಕೊಂಡು ಮತ್ತೆ ಬಂದು ಅವಳ ಕಿವಿಯ ಹತ್ತಿರ ಬಗ್ಗಿ ಕೇಳಿದೆ. ಕಣ್ಣು ಬಿಡಲಿಲ್ಲ. ತುಟಿ ಮಾತ್ರ ಅಲ್ಲಾಡಿತು.

ಇಷ್ಟು ವರ್ಷ ಈ ಬೀದಿಯಲ್ಲಿ ಮಾತು ಹೊತ್ತವಳು ನಾನು. ನಿಲ್ಲಿಸು ಎಂದು ಹೇಳಿ ಕಳಿಸಿದವರೇ ಎಲ್ಲ. ಕುಲುಮೆಯ ಬಾಗಿಲಲ್ಲಿ ನಿಂತು ಹೇಳುವಾಗ ನನ್ನ ಬಾಯಿಗೇ ಅದು ಹೊಸದಾಗಿತ್ತು.

"ಇನ್ನೊಂದು ಸುತ್ತಂತೆ," ಎಂದೆ.